ಪಟ್ಟಿಗೆ ಸಿಗದ ನೀಲಿ

ಸುಗ್ಗಿ ಮುಗಿದ ಮೇಲೆ ರಾಯಚೂರು ಜಿಲ್ಲೆಯ ಚಂದ್ರಬಂಡದ ಕಡೆಯ ಹಳ್ಳಿಗಳಲ್ಲಿ ಓಣಿಗಳು ಬಣಗುಟ್ಟುತ್ತವೆ. ಹಾಡಹಗಲೇ ಬಾಗಿಲಿಗೆ ಕೀಲಿ, ಅಂಗಳದಲ್ಲಿ ಬೋರಲು ಹಾಕಿದ ಕೊಡ, ಕಟ್ಟೆಯ ಮೇಲೆ ಒಬ್ಬ ಮುದುಕಿ, ಅವಳ ಮಗ್ಗುಲಲ್ಲಿ ಶಾಲೆಗೆ ಹೋಗುವ ಮೊಮ್ಮಗ. ‘ಮನ್ಯಾಗಿನವರು ಎಲ್ಲಿಗಿ ಹೋಗ್ಯಾರ ಯವ್ವಾ?’ ಎಂದು ಕೇಳಿದರೆ ಅವಳ ಉತ್ತರ ಚಿಕ್ಕದು: ‘ಗುಳೆ ಹೋಗ್ಯಾರಪ್ಪ. ಉಗಾದಿಗಿ ಬರ್ತಾರ.’

ಇನ್ನೂ ಸ್ವಲ್ಪ ಹೊತ್ತು ಕೂತರೆ ಅವಳು ಉಳಿದದ್ದನ್ನೂ ಹೇಳುತ್ತಾಳೆ. ಯಾವ ಮೇಸ್ತ್ರಿಯ ಹಿಂದೆ ಹೋದರು, ಎಷ್ಟು ಮುಂಗಡ ತಗೊಂಡರು, ಆ ದುಡ್ಡು ಯಾವ ಸಾಲಕ್ಕೆ ಹೋಯಿತು, ಬೆಂಗಳೂರಿನ ಯಾವ ದಿಕ್ಕಿನ ಖಾಲಿ ಜಾಗದಲ್ಲಿ ಗುಡಿಸಲು ಹಾಕಿದ್ದಾರೆ, ಅಲ್ಲಿ ಅಕ್ಕಪಕ್ಕದಲ್ಲಿ ಯಾವ ಊರಿನವರಿದ್ದಾರೆ, ಎಲ್ಲವೂ ಅವಳ ಬಾಯಲ್ಲಿದೆ. ದೇವದುರ್ಗ, ಮಾನ್ವಿ, ರಾಯಚೂರು ತಾಲ್ಲೂಕುಗಳ ಮಟ್ಟಿಗೆ ಇದು ಸಾಮಾನ್ಯ ಜ್ಞಾನ. ಬೆಂಗಳೂರಿನ ಗುಡಿಸಲು ನಮ್ಮ ಊರಿನ ಇನ್ನೊಂದು ಓಣಿ, ನಡುವೆ ಒಂದು ರಾತ್ರಿಯ ಬಸ್ಸಿನ ದಾರಿ.

ಆ ಮುದುಕಿಗೆ ಗೊತ್ತಿದ್ದ ಈ ಸಂಗತಿ ನಗರಗಳನ್ನು ಅಧ್ಯಯನ ಮಾಡುವವರಿಗೆ ಗೊತ್ತಾದದ್ದು 2010ರಿಂದೀಚೆಗೆ. ಅವರು ಅದನ್ನು ಕಂಡುಕೊಂಡ ಬಗೆ ವಿಚಿತ್ರವಾಗಿದೆ. ಊರಿಗೆ ಬಂದು ಕೇಳಿ ತಿಳಿದದ್ದಲ್ಲ, ಬೆಂಗಳೂರಿನ ಬೀದಿಯಲ್ಲಿ ಅಡ್ಡಾಡಿ ಕಂಡದ್ದೂ ಅಲ್ಲ. ಮೊದಲು ಕಂಡದ್ದು ಆಕಾಶದಿಂದ.

ಕತೆ ಶುರುವಾಗುವುದು ಒಂದು ಪಟ್ಟಿಯಿಂದ. 1973ರಲ್ಲಿ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆ ಬಂತು. ಅದರಡಿ ಕೊಳಚೆ ನಿರ್ಮೂಲನ ಮಂಡಳಿ ಹುಟ್ಟಿತು. ಅದೇ ಇಂದಿನ ಕೊಳಗೇರಿ ಅಭಿವೃದ್ಧಿ ಮಂಡಳಿ. ಕಾಯ್ದೆಯ 3ನೆಯ ಕಲಮಿನಡಿ ಒಂದು ಕೇರಿಯನ್ನು ‘ಕೊಳಚೆ ಪ್ರದೇಶ’ ಎಂದು ಘೋಷಿಸಿದರೆ ಅದು ಪಟ್ಟಿಗೆ ಸೇರುತ್ತದೆ. ಸೇರಿದ ಕೇರಿಗೆ ನಲ್ಲಿ, ಚರಂಡಿ, ಬೀದಿದೀಪಗಳನ್ನು ಕೇಳುವ ಬಲ ಬರುತ್ತದೆ; ಮುಂದೊಂದು ದಿನ ಹಕ್ಕುಪತ್ರದ ಆಸೆಯೂ ಇರುತ್ತದೆ. ಸೇರದ ಕೇರಿಯವರು ಸರ್ಕಾರದ ಕಣ್ಣಿಗೆ ಬರೀ ಒತ್ತುವರಿದಾರರು.

ಪಟ್ಟಿಗೆ ಸೇರುವುದು ಸುಲಭವಲ್ಲ. ಅರ್ಜಿ ಕೊಡಬೇಕು, ಸರ್ವೆ ಆಗಬೇಕು, ಜಮೀನು ಯಾರದೆಂದು ತೀರ್ಮಾನವಾಗಬೇಕು, ರಾಜ್ಯಪತ್ರದಲ್ಲಿ ಅಚ್ಚಾಗಬೇಕು. ಇದಕ್ಕೆಲ್ಲ ಒಂದೇ ಜಾಗದಲ್ಲಿ ವರ್ಷಗಟ್ಟಲೆ ನೆಲೆ ನಿಂತಿರಬೇಕು. ಕಚೇರಿಗೆ ಓಡಾಡಲು ಒಬ್ಬ ಮುಖಂಡ ಬೇಕು, ವೋಟರ್ ಕಾರ್ಡ್ ಬೇಕು, ಚುನಾವಣೆ ಹೊತ್ತಿನಲ್ಲಿ ಬಂದು ಕೈಮುಗಿಯುವ ಕಾರ್ಪೊರೇಟರ್ ಬೇಕು. ಅಂದರೆ ಪಟ್ಟಿಯ ಬಾಗಿಲಿಗೆ ಬರುವ ಹೊತ್ತಿಗೆ ಆ ಕೇರಿ ಅರ್ಧ ಗೆದ್ದಿರುತ್ತದೆ.

ಸಂಶೋಧಕರೂ ಈ ಪಟ್ಟಿಯನ್ನೇ ನೆಚ್ಚಿಕೊಂಡಿದ್ದರು. ನಗರದ ಬಡತನ ಅಳೆಯಬೇಕೆ? ಪಟ್ಟಿ ತೆಗೆದುಕೊ, ಅದರಿಂದ ಕೆಲವು ಕೇರಿ ಆರಿಸು, ಮನೆಮನೆಗೆ ಹೋಗಿ ಪ್ರಶ್ನೆ ಕೇಳು. ಮಾದರಿ ಆರಿಸಲು ಬೇರೆ ದಾರಿಯೇ ಇರಲಿಲ್ಲ.

ಅನಿರುದ್ಧ ಕೃಷ್ಣ ಅವರೂ ಮೊದಲು ಹಾಗೇ ಮಾಡಿದರು. ಹದಿನಾಲ್ಕು ವರ್ಷ ಐಎಎಸ್ ಅಧಿಕಾರಿಯಾಗಿದ್ದು, ಆಮೇಲೆ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದವರು ಅವರು. ಜನ ಬಡತನಕ್ಕೆ ಬೀಳುವುದು ಹೇಗೆ, ಏಳುವುದು ಹೇಗೆ ಎಂಬುದೇ ಅವರ ಜೀವಮಾನದ ಪ್ರಶ್ನೆ. ರಾಜಸ್ಥಾನದ ಹಳ್ಳಿಗಳಿಂದ ಆರಂಭಿಸಿ ಗುಜರಾತ್, ಆಂಧ್ರ, ಕೀನ್ಯಾ, ಉಗಾಂಡ, ಪೆರುವರೆಗೆ ಅವರು ಒಂದು ಸರಳ ವಿಧಾನ ಹಿಡಿದು ಹೋದರು. ಊರವರನ್ನು ಕಟ್ಟೆಗೆ ಕೂರಿಸಿ, ‘ಏನೂ ಇಲ್ಲದ ಮನೆಯವರ ಕೈಗೆ ನಾಲ್ಕು ಕಾಸು ಬಂದರೆ ಮೊದಲು ಏನು ಮಾಡುತ್ತಾರೆ? ಆಮೇಲೆ ಏನು?’ ಎಂದು ಕೇಳುವುದು. ಹೊಟ್ಟೆ ತುಂಬ ಊಟ, ಮಕ್ಕಳ ಶಾಲೆ, ಮೈಮೇಲೆ ಬಟ್ಟೆ, ಸಾಲ ತೀರಿಕೆ, ಹೀಗೆ ಊರವರೇ ಒಂದು ಏಣಿ ಕಟ್ಟಿಕೊಡುತ್ತಿದ್ದರು. ಪ್ರತಿ ಮನೆ ಇಪ್ಪತ್ತೈದು ವರ್ಷದ ಹಿಂದೆ ಯಾವ ಮೆಟ್ಟಿಲಲ್ಲಿತ್ತು, ಈಗ ಎಲ್ಲಿದೆ ಎಂದು ಅವರೇ ಹೇಳುತ್ತಿದ್ದರು. ಕೆಳಗೆ ಬಿದ್ದವರ ಕತೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಕೇಳಿಬಂದ ಕಾರಣ ಕಾಯಿಲೆ ಮತ್ತು ಅದರ ಖರ್ಚು. ಅವರ 2010ರ ಪುಸ್ತಕದ ಹೆಸರೇ ‘ಒಂದು ಕಾಯಿಲೆಯಷ್ಟು ದೂರ’ ಎಂಬರ್ಥದ್ದು.

ಹಳ್ಳಿಯ ಏಣಿ ನೋಡಿದವರಿಗೆ ನಗರದ ಏಣಿ ನೋಡುವ ಆಸೆ ಹುಟ್ಟುವುದು ಸಹಜ. ಬೆಂಗಳೂರಿನ ಮೇಲಿನ ಮೆಟ್ಟಿಲನ್ನು ಅವರು ಆಗಲೇ ನೋಡಿದ್ದರು. ಸಾಫ್ಟ್‌ವೇರ್ ಎಂಜಿನಿಯರುಗಳ ತಂದೆತಾಯಿ ಯಾರು, ಅವರು ಓದಿದ್ದೆಲ್ಲಿ ಎಂದು ವಿಜಯ್ ಬೃಹ್ಮದೇಶಂ ಅವರೊಂದಿಗೆ ಮಾಡಿದ ಅಧ್ಯಯನ 2006ರಲ್ಲಿ ಪ್ರಕಟವಾಗಿತ್ತು. ಕಂಪನಿಯ ಗಾಜಿನ ಕಟ್ಟಡದೊಳಗೆ ಕೂತವರಲ್ಲಿ ಓದಿದ ಮನೆಗಳ ಮಕ್ಕಳೇ ತುಂಬಿದ್ದರು. ಹಳ್ಳಿಯ ಬಡವರ ಮಕ್ಕಳು ಅಪರೂಪ. ಹಾಗಾದರೆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ನಿಂತವರು ಯಾರು?

2010ರಲ್ಲಿ ಅವರ ತಂಡ ಬೆಂಗಳೂರಿನ 14 ಕೊಳೆಗೇರಿಗಳಲ್ಲಿ 1,400ಕ್ಕೂ ಹೆಚ್ಚು ಮನೆಗಳ ಬಾಗಿಲು ಬಡಿಯಿತು. ಮನಸ್ಸಿನಲ್ಲಿದ್ದ ಚಿತ್ರ ನಮ್ಮೆಲ್ಲರ ಮನಸ್ಸಿನಲ್ಲಿರುವುದೇ. ಬರ ಬಿದ್ದ ಊರಿಂದ ಒಬ್ಬ ಗಂಟುಮೂಟೆ ಕಟ್ಟಿಕೊಂಡು ಬರುತ್ತಾನೆ, ಕೊಳೆಗೇರಿಯಲ್ಲಿ ಇಳಿಯುತ್ತಾನೆ, ದುಡಿಯುತ್ತಾನೆ, ಮಕ್ಕಳನ್ನು ಓದಿಸುತ್ತಾನೆ, ಒಂದು ತಲೆಮಾರಿನಲ್ಲಿ ಅಲ್ಲಿಂದ ಹೊರಬೀಳುತ್ತಾನೆ. ನಮ್ಮ ಸಿನಿಮಾಗಳು ಎಷ್ಟೋ ಸಲ ಹೇಳಿದ ಕತೆ ಅದು.

ಮನೆಮನೆಯ ಉತ್ತರಗಳು ಆ ಚಿತ್ರವನ್ನು ಅಳಿಸಿದವು. ಅಲ್ಲಿದ್ದವರು ನಿನ್ನೆಮೊನ್ನೆ ಬಂದವರಾಗಿರಲಿಲ್ಲ. ಅಜ್ಜನ ಕಾಲದಿಂದ ಅದೇ ಕೇರಿ, ಎಷ್ಟೋ ಕಡೆ ಅದೇ ಮನೆ. ಅಪ್ಪನದೋ ಚಿಕ್ಕಪ್ಪನದೋ ಕಸುಬು ಮಗನ ಕೈಗೆ ಬಂದಿತ್ತು. ಕಸುಬಿನ ಜೊತೆ ಜಾತಿಯ ಗಂಟೂ ಬಿಡಿಸಿಕೊಂಡಿರಲಿಲ್ಲ. ಬದುಕು ಸುಧಾರಿಸಿರಲಿಲ್ಲ ಎಂದಲ್ಲ. ಹೆಚ್ಚಿನವರು ಒಂದಷ್ಟು ಮೇಲೆ ಬಂದಿದ್ದರು. ಗೋಡೆ ಗಟ್ಟಿಯಾಗಿತ್ತು, ಕರೆಂಟು ಬಂದಿತ್ತು, ಟಿವಿ ಇತ್ತು. ಆದರೆ ಏರಿದ್ದು ಗೇಣುದ್ದ. ಒಂದು ಆಸ್ಪತ್ರೆ ಬಿಲ್ಲು ಬಂದರೆ ಜಾರುವುದು ಮಾರುದ್ದ. ಕೇರಿ ಬಿಟ್ಟು ಒಳ್ಳೆಯ ಬಡಾವಣೆ ಸೇರಿದವರು ಕೆಲವೇ ಮಂದಿ. 2013ರಲ್ಲಿ ಪ್ರಕಟವಾದ ಈ ಅಧ್ಯಯನದ ತಲೆಬರಹದ ಸಾರ ಹೇಳುವುದಾದರೆ ‘ಇದ್ದಲ್ಲೇ ಹೂತುಹೋದವರು’.

ಇಷ್ಟಕ್ಕೇ ನಿಲ್ಲಿಸಿದ್ದರೂ ಅದೊಂದು ಒಳ್ಳೆಯ ಅಧ್ಯಯನ. ಆದರೆ ಅದರ ಒಡಲಲ್ಲಿ ಒಂದು ಕಾಣೆಯಾದ ಮನುಷ್ಯನ ದೂರು ಉಳಿದಿತ್ತು. ಬೆಂಗಳೂರಿನಲ್ಲಿ ಕಟ್ಟಡಗಳು ಏಳುತ್ತಲೇ ಇದ್ದವು. ಮಣ್ಣು ಅಗೆಯುವವರು, ಜಲ್ಲಿ ಹೊರುವವರು, ಸೆಂಟ್ರಿಂಗ್ ಕಟ್ಟುವವರು ಎಲ್ಲಿಂದಲೋ ಬಂದಿರಲೇಬೇಕು. ಸಾವಿರಾರು ಜನ ರಾತ್ರಿ ಎಲ್ಲಾದರೂ ಮಲಗಲೇಬೇಕು. ಬಡವರ ಪಟ್ಟಿ ಹಿಡಿದು ಊರೆಲ್ಲ ಹುಡುಕಿದರೂ ಹೊಸದಾಗಿ ಬಂದ ಬಡವ ಸಿಕ್ಕಿರಲಿಲ್ಲ. ಅವನಿಲ್ಲವೆಂದು ತೀರ್ಮಾನಿಸಬಹುದಿತ್ತು, ಪಟ್ಟಿಯಲ್ಲೇ ಏನೋ ಊನವಿದೆ ಎಂದೂ ಅನುಮಾನಿಸಬಹುದಿತ್ತು. ಅವರು ಅನುಮಾನದ ದಾರಿ ಹಿಡಿದರು. ಈ ಆವಿಷ್ಕಾರದ ತಿರುವು ಇದೇ: ಹುಡುಕಿದ್ದು ಸಿಗದೇ ಹೋದದ್ದನ್ನು ಒಂದು ಉತ್ತರವೆಂದೇ ಓದಿದ್ದು.

ಪಟ್ಟಿ ಬಿಟ್ಟರೆ ಮುಂದೇನು? ಇಡೀ ಬೆಂಗಳೂರನ್ನು ಬೀದಿ ಬೀದಿ ನಡೆದು ನೋಡಲಾದೀತೆ? ನಡೆದರೂ ಕಾಂಪೌಂಡಿನ ಹಿಂದೆ, ಲೇಔಟಿನ ನಡುವಿನ ಖಾಲಿ ಸೈಟಿನಲ್ಲಿ, ಕೆರೆಯ ಅಂಚಿನಲ್ಲಿ ಇರುವುದು ರಸ್ತೆಗೆ ಕಾಣದು. ಆಗ ಕೈಗೆ ಬಂದದ್ದು ಯಾರ ಕಂಪ್ಯೂಟರಿನಲ್ಲೂ ತೆರೆಯಬಹುದಾದ ಗೂಗಲ್ ಅರ್ಥ್. ಉಪಗ್ರಹ ತೆಗೆದ ಚಿತ್ರದಲ್ಲಿ ನಗರವನ್ನು ಮೇಲಿಂದ ನೋಡುವುದು, ಗುಡಿಸಲಿನಂತೆ ಕಾಣುವುದನ್ನು ಗುರುತು ಹಾಕುವುದು, ಆಮೇಲೆ ಆ ಜಾಗಕ್ಕೆ ಹೋಗಿ ನೋಡುವುದು.

ಮೇಲಿಂದ ನೋಡಿದಾಗ ಪಟ್ಟಿಯಲ್ಲಿದ್ದ ಹಳೆಯ ಕೊಳೆಗೇರಿಗಳನ್ನು ಗುರುತಿಸುವುದೇ ಕಷ್ಟವಾಯಿತು. ಆರ್‌ಸಿಸಿ ಮಾಳಿಗೆ, ಸಿಮೆಂಟ್ ಶೀಟು. ಪಕ್ಕದ ಕೆಳಮಧ್ಯಮ ವರ್ಗದ ಬಡಾವಣೆಗೂ ಅದಕ್ಕೂ ಬೂದುಬಣ್ಣದಲ್ಲಿ ಹೆಚ್ಚು ಭೇದವಿಲ್ಲ. ಆದರೆ ನಗರದ ಉದ್ದಗಲಕ್ಕೂ ಅಲ್ಲಲ್ಲಿ ಬೇರೊಂದು ಬಣ್ಣ ಎದ್ದು ಕಂಡಿತು: ಅಡ್ಡಾದಿಡ್ಡಿ ಅಂಚಿನ ನೀಲಿ ತುಣುಕುಗಳು. ಬಣ್ಣದ ಮೇಲೆಯೇ ಸಂಶೋಧಕರು ಅವುಗಳಿಗೆ ಹೆಸರಿಟ್ಟರು. ಕನ್ನಡದಲ್ಲಿ ಹೇಳುವುದಾದರೆ ‘ನೀಲಿ ಬಹುಭುಜಗಳು’.

ನಮ್ಮ ಕಡೆಯ ಯಾವ ಹುಡುಗನಾದರೂ ಆ ಚಿತ್ರ ನೋಡಿದೊಡನೆ ಹೇಳುತ್ತಿದ್ದ, ಅದು ತಾಡಪತ್ರಿ ಎಂದು. ರಾಶಿ ಮುಚ್ಚಲು ತರುವ, ಮಳೆ ಬಂದರೆ ಚಕ್ಕಡಿಯ ಮೇಲೆ ಎಳೆಯುವ ಅದೇ ಅಗ್ಗದ ಪ್ಲಾಸ್ಟಿಕ್ ಹಾಳೆ. ನಾಲ್ಕು ಗಳ ನೆಟ್ಟು, ಮೇಲೆ ಒಂದು ಬೊಂಬು ಕಟ್ಟಿ, ತಾಡಪತ್ರಿ ಹೊದಿಸಿದರೆ ಮನೆ. ಬಿಚ್ಚಿ ಮಡಚಿದರೆ ಹೆಗಲ ಮೇಲಿನ ಗಂಟು.

ಬಡತನಕ್ಕೂ ನೀಲಿಗೂ ನಂಟು ಬೆಂಗಳೂರಿಗಿಂತ ಹಳೆಯದು. ಲಂಡನ್ನಿನ ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ 1889ರಿಂದ ತನ್ನ ನಗರದ ಬಡತನದ ನಕ್ಷೆಗಳನ್ನು ಹೊರತಂದ. ಒಂದೊಂದು ಬೀದಿಗೂ ಅಲ್ಲಿನವರ ಸ್ಥಿತಿಗೆ ತಕ್ಕ ಬಣ್ಣ: ಸಿರಿವಂತರಿಗೆ ಹಳದಿ, ಎಲ್ಲರಿಗಿಂತ ಕೆಳಗಿನವರಿಗೆ ಕಪ್ಪು, ದಿನಗೂಲಿಯಲ್ಲಿ ಅರೆಹೊಟ್ಟೆ ಬದುಕುವವರಿಗೆ ಕಡುನೀಲಿ. ನಗರದ ಜನರಲ್ಲಿ ಶೇಕಡ 30.7 ಮಂದಿ ಬಡವರೆಂದು ಅವನ ಲೆಕ್ಕ ಹೇಳಿತು. ಅವನಿಗೆ ಬೀದಿಗಳ ಗುಟ್ಟು ಹೇಳಿದವರು ಮಕ್ಕಳ ಶಾಲಾ ಹಾಜರಾತಿ ನೋಡಲು ಮನೆಮನೆಗೆ ಹೋಗುತ್ತಿದ್ದ ಸಿಬ್ಬಂದಿ. ಬಾಗಿಲ ಒಳಗನ್ನು ಕಂಡವರ ಮಾತಿನ ಮೇಲೆ ಅವನು ಬಣ್ಣ ಬಳಿದ. ಬೆಂಗಳೂರಿನ ಸಂಶೋಧಕರದು ತದ್ವಿರುದ್ಧ ದಾರಿ: ಬಣ್ಣ ಮೊದಲು ಕಂಡಿತು, ಬಾಗಿಲು ಆಮೇಲೆ. ಬಾಗಿಲೂ ಇರಲಿಲ್ಲ, ತೂಗುಬಿಟ್ಟ ಒಂದು ಸೀರೆ ಇತ್ತು ಅಷ್ಟೆ.

ಆ ಸೀರೆ ಸರಿಸಿ ಹೊರಬಂದವರು ಯಾರು? ಕಲಬುರಗಿ, ಯಾದಗಿರಿ, ರಾಯಚೂರು ಕಡೆಯವರೇ ಹೆಚ್ಚು. ದಲಿತರು, ಪರಿಶಿಷ್ಟ ಪಂಗಡದವರು, ಇತರ ಹಿಂದುಳಿದ ಜಾತಿಗಳವರು. ಊರಲ್ಲಿ ಮಳೆ ನಂಬಿದ ತುಂಡು ಹೊಲ ಅಥವಾ ಅದೂ ಇಲ್ಲ; ತಲೆಯ ಮೇಲೆ ಸಾಲ. ಕೆಲಸ ಕಟ್ಟಡದ್ದು. ಗುಡಿಸಲು ನಿಂತ ನೆಲ ಬಹುಪಾಲು ಖಾಸಗಿಯವರದು, ಅದಕ್ಕೆ ತಿಂಗಳ ಬಾಡಿಗೆ. ಕರೆಂಟಿಲ್ಲ, ಶೌಚಾಲಯವಿಲ್ಲ, ನೀರಿಗೆ ದುಡ್ಡು. ಮಕ್ಕಳು ತಾಯಿಯ ಸೆರಗಿನ ಹಿಂದೆ ಕೆಲಸದ ಜಾಗದಲ್ಲಿ, ಇಲ್ಲವೇ ಊರಲ್ಲಿ ಅಜ್ಜಿಯ ಹತ್ತಿರ. ಪಟ್ಟಿ ಹಿಡಿದು ಹುಡುಕಿದಾಗ ಸಿಗದಿದ್ದ ಹೊಸ ಬಡವ ಇಲ್ಲಿದ್ದ. ಅವನ ಹೆಸರಿನ ಮುಂದೆ ನಮ್ಮ ಊರಿನ ಹೆಸರಿತ್ತು.

ಕಂಡುಹಿಡಿಯುವ ಕೆಲಸಕ್ಕೆ ಇನ್ನೊಂದು ತೊಡಕೂ ಇದ್ದೇ ಇರುತ್ತದೆ. ಉಪಗ್ರಹ ಚಿತ್ರ ತೆಗೆದ ದಿನ ಇದ್ದ ಗುಡಿಸಲು, ಹುಡುಕಿ ಹೋದ ದಿನ ಇರಬೇಕೆಂದಿಲ್ಲ. ಸೈಟಿನ ಮಾಲೀಕ ಮನೆ ಕಟ್ಟಲು ಹೊರಟರೆ ನೀಲಿ ಅಲ್ಲಿಂದ ಏಳುತ್ತದೆ, ಎರಡು ಮೈಲಿ ಆಚೆ ಮತ್ತೆ ಹರಡಿಕೊಳ್ಳುತ್ತದೆ. ಅಪಾರ್ಟ್‌ಮೆಂಟ್ ಮುಗಿದರೆ ಅದನ್ನು ಕಟ್ಟಿದವರ ಕೇರಿಯೂ ಮುಗಿಯುತ್ತದೆ. ಒಂದೇ ಜಾಗದಲ್ಲಿ ಬೇರೂರಿದ ಕೇರಿಗಳನ್ನು ಎಣಿಸಲೆಂದೇ ಆದ ಪಟ್ಟಿಗೆ ಇದು ಸಿಗದಿರುವುದರಲ್ಲಿ ಆಶ್ಚರ್ಯವೇನು?

ಕೃಷ್ಣ ಅವರು ಎಂ.ಎಸ್. ಶ್ರೀರಾಮ್ ಮತ್ತು ಪೂರ್ಣಿಮಾ ಪ್ರಕಾಶ್ ಅವರೊಂದಿಗೆ 2014ರಲ್ಲಿ ಪ್ರಕಟಿಸಿದ ಪ್ರಬಂಧ ಎರಡೂ ಸಮೀಕ್ಷೆಗಳನ್ನು ಪಕ್ಕಪಕ್ಕ ಇಟ್ಟಿತು. ಶ್ರೀರಾಮ್ ನಮ್ಮ ಓದುಗರಿಗೆ ಕತೆಗಾರ ಎಂ.ಎಸ್. ಶ್ರೀರಾಮ್ ಎಂದೇ ಪರಿಚಿತರು. ವೃತ್ತಿಯಲ್ಲಿ ಅವರು ಬೆಂಗಳೂರಿನ ಐಐಎಂನಲ್ಲಿ ಪಾಠ ಹೇಳುವ ಆರ್ಥಿಕ ವಿಷಯಗಳ ವಿದ್ವಾಂಸರು. ಪ್ರಬಂಧದ ವಾದ ಸರಳವಾಗಿತ್ತು. ‘ಕೊಳೆಗೇರಿ’ ಎಂಬ ಒಂದೇ ಮಾತಿನೊಳಗೆ ಬೇರೆಬೇರೆ ಲೋಕಗಳಿವೆ. ಒಂದು ತುದಿಯಲ್ಲಿ ಮೂರು ತಲೆಮಾರು ನೆಲೆನಿಂತ, ಗಟ್ಟಿ ಗೋಡೆಯ, ಘೋಷಿತ ಕೇರಿ. ಇನ್ನೊಂದು ತುದಿಯಲ್ಲಿ ತಾಡಪತ್ರಿಯ ಗುಡಿಸಲು. ಮೊದಲನೆಯದಕ್ಕೆ ಬೇಕಾದದ್ದು ಹಕ್ಕುಪತ್ರ, ಮಕ್ಕಳಿಗೆ ಒಳ್ಳೆಯ ಉದ್ಯೋಗದ ದಾರಿ, ಆಸ್ಪತ್ರೆ ಖರ್ಚಿನಿಂದ ರಕ್ಷಣೆ. ಎರಡನೆಯದಕ್ಕೆ ಬೇಕಾದದ್ದು ಇವತ್ತಿನ ನೀರು, ಇವತ್ತಿನ ಶೌಚಾಲಯ, ನಾಳೆ ಎಬ್ಬಿಸುವುದಿಲ್ಲವೆಂಬ ಭರವಸೆ. ಎರಡಕ್ಕೂ ಒಂದೇ ಯೋಜನೆ ಹೊಲಿದರೆ ಒಬ್ಬರ ಮೈಗೂ ಹೊಂದುವುದಿಲ್ಲ.

ಇದರ ಜೊತೆಗೇ ಇನ್ನೊಂದು ಮಾತು ಎದ್ದು ಕಾಣುತ್ತದೆ. ಗಟ್ಟಿ ಮನೆ, ಸಾಕಷ್ಟು ಜಾಗ, ಕುಡಿಯುವ ನೀರು, ಶೌಚಾಲಯ, ಎಬ್ಬಿಸದ ಭದ್ರತೆ: ಈ ಐದರಲ್ಲಿ ಒಂದಿಲ್ಲದಿದ್ದರೂ ಅದು ಕೊಳೆಗೇರಿಯ ಬದುಕೆಂದು ವಿಶ್ವಸಂಸ್ಥೆಯ ವಸತಿ ವಿಭಾಗ ಹೇಳುತ್ತದೆ. ತಾಡಪತ್ರಿಯ ಗುಡಿಸಲಿನಲ್ಲಿ ಐದೂ ಇಲ್ಲ. ಅಳತೆಗೋಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲಬೇಕಾದವರು ಪಟ್ಟಿಯ ಹೊರಗೆ, ಐದರಲ್ಲಿ ಮೂರು ನಾಲ್ಕನ್ನು ಗಳಿಸಿಕೊಂಡವರು ಪಟ್ಟಿಯ ಒಳಗೆ. ಇದಕ್ಕೆ ಒಳಗಿರುವವರನ್ನು ದೂರುವಂತಿಲ್ಲ. ಅವರು ಆ ನಲ್ಲಿಗಾಗಿ, ಆ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಹೋರಾಡಿದವರು. ಬೆಂಗಳೂರಿನ ಕೊಳೆಗೇರಿಯೊಳಗಿಂದಲೇ ಬಂದ ಐಸಾಕ್ ಅರುಳ್ ಸೆಲ್ವ ಅವರ ‘ಸ್ಲಂ ಜಗತ್ತು’ ಪತ್ರಿಕೆ ಆ ಹೋರಾಟಗಳನ್ನು ಕನ್ನಡದಲ್ಲಿ ದಾಖಲಿಸುತ್ತ ಬಂತು. ಹೋರಾಡಲು ಕಾಲೂರಿ ನಿಲ್ಲುವಷ್ಟು ನೆಲ ಬೇಕು. ಗುಳೆ ಬಂದವರಿಗೆ ಅದೂ ಇಲ್ಲ.

ದೇಶದ ಲೆಕ್ಕಗಳಲ್ಲೂ ಇದೇ ತೂತು. 2011ರ ಜನಗಣತಿ ದೇಶದ ಕೊಳೆಗೇರಿಗಳಲ್ಲಿ ಸುಮಾರು 1.37 ಕೋಟಿ ಕುಟುಂಬ, ಆರೂವರೆ ಕೋಟಿ ಜನ ಎಂದಿತು. ಮರುವರ್ಷ, 2012ರಲ್ಲಿ, ರಾಷ್ಟ್ರೀಯ ಮಾದರಿ ಸಮೀಕ್ಷೆ 33,510 ಕೊಳೆಗೇರಿಗಳಲ್ಲಿ 88 ಲಕ್ಷ ಕುಟುಂಬ ಎಂದಿತು. ಒಂದೇ ಸರ್ಕಾರದ ಎರಡು ಲೆಕ್ಕಗಳ ನಡುವೆ ಹತ್ತಿರಹತ್ತಿರ ಐವತ್ತು ಲಕ್ಷ ಕುಟುಂಬಗಳ ಅಂತರ. ವ್ಯಾಖ್ಯೆ ಬೇರೆ, ವಿಧಾನ ಬೇರೆ. ಘೋಷಣೆಯಾಗದ ಕೇರಿಯನ್ನು ಜನಗಣತಿ ಕೊಳೆಗೇರಿಯೆಂದು ಗುರುತಿಸಲು ಕನಿಷ್ಠ 300 ಜನ, ಅಂದರೆ ಅರವತ್ತು ಎಪ್ಪತ್ತು ಮನೆ ಬೇಕು. ಮಾದರಿ ಸಮೀಕ್ಷೆಗೆ ಇಪ್ಪತ್ತು ಮನೆ ಸಾಕು. ಖಾಲಿ ಸೈಟಿನ ಹದಿನೈದು ತಾಡಪತ್ರಿ ಎರಡು ಜರಡಿಯಲ್ಲೂ ನಿಲ್ಲುವುದಿಲ್ಲ, ಕೆಳಗೆ ಬಿದ್ದುಹೋಗುತ್ತದೆ.

ಮುಂದಿನ ವರ್ಷಗಳಲ್ಲಿ ಈ ಹುಡುಕಾಟ ಹಿಗ್ಗಿತು. ಎಮಿಲಿ ರೇನ್ಸ್, ಎರಿಕ್ ವಿಬೆಲ್ಸ್ ಜೊತೆ ಕೃಷ್ಣ ಅವರು ಬೆಂಗಳೂರಿಗೆ ಜೈಪುರ, ಪಟ್ನಾಗಳನ್ನೂ ಸೇರಿಸಿಕೊಂಡು, ಉಪಗ್ರಹ ಚಿತ್ರ ಮತ್ತು ಮನೆಮನೆ ಸಮೀಕ್ಷೆಗಳನ್ನು ಜೋಡಿಸಿ 2019ರಲ್ಲಿ ವರದಿ ಮಾಡಿದರು. ಅದೇ ವರ್ಷ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ಮೋನಿಕಾ ಕುಫರ್ ಮತ್ತವರ ಜೊತೆಗಾರರು ಬೆಂಗಳೂರಿನ ಚಿತ್ರಗಳನ್ನೇ ಇಟ್ಟುಕೊಂಡು, ಮನುಷ್ಯರ ಕಣ್ಣಿನ ಕೆಲಸವನ್ನು ಕಂಪ್ಯೂಟರಿಗೆ ಕಲಿಸಿದ ಪ್ರಯೋಗವನ್ನು ಪ್ರಕಟಿಸಿದರು. ಮುಂಬಯಿಯ ಧಾರಾವಿಯಂತೆ ಒಂದೇ ಕಡೆ ದಟ್ಟವಾಗಿ ಹರಡಿದ್ದರೆ ಯಂತ್ರಕ್ಕೂ ಸುಲಭ. ಬೆಂಗಳೂರಿನ ಬಡತನ ಚಿಕ್ಕಚಿಕ್ಕ ಜೇಬುಗಳಲ್ಲಿ ಅಡಗಿದೆ. ಕೆಲವು ಎಷ್ಟು ಚಿಕ್ಕವೆಂದರೆ ಚಿತ್ರದಲ್ಲಿ ಬೆರಳೆಣಿಕೆಯ ಚುಕ್ಕಿಗಳು.

ಮೇಲಿಂದ ಕಂಡದ್ದು ಕಂಡವರ ಮನಸ್ಸಿನಂತೆ ಬಳಕೆಯಾಗುತ್ತದೆ ಎಂಬುದನ್ನೂ ಹೇಳಬೇಕು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಗುಡಿಸಲುಗಳನ್ನು ನೆಲಸಮ ಮಾಡಿದರು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬುದು ಆಗ ಹಬ್ಬಿದ ಮಾತು. ಮುರಿದ ತಗಡಿನ ನಡುವೆ ನಿಂತು ಆಧಾರ್ ಕಾರ್ಡು ತೋರಿಸಿದವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ಉತ್ತರ ಕರ್ನಾಟಕದವರೂ ಇದ್ದರು. ತಮ್ಮದೇ ರಾಜ್ಯದ ರಾಜಧಾನಿಯಲ್ಲಿ ತಾವು ಯಾವ ದೇಶದವರೆಂದು ರುಜುವಾತು ಕೊಡುವ ಗತಿ ಬಂದಿತ್ತು. ಹೈಕೋರ್ಟ್ ಮರುತಿಂಗಳು ಈ ತೆರವು ಕಾನೂನಿಗೆ ವಿರುದ್ಧವೆಂದು ಹೇಳಿ, ಕಳೆದುಕೊಂಡವರಿಗೆ ಪುನರ್ವಸತಿ ಕಲ್ಪಿಸಲು ಸರ್ಕಾರಕ್ಕೆ ಸೂಚಿಸಿತು. ಪಟ್ಟಿಯ ಹೊರಗಿರುವುದೆಂದರೆ ಏನೆಂದು ತಿಳಿಯಲು ಇದಕ್ಕಿಂತ ದೊಡ್ಡ ಸಮೀಕ್ಷೆ ಬೇಕಿಲ್ಲ.

ಈ ಆವಿಷ್ಕಾರವನ್ನು ಬೆಂಗಳೂರಿನ ಕತೆಯೆಂದು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ. ಅದರ ಒಂದು ತುದಿ ಚಂದ್ರಬಂಡದ ಕೀಲಿ ಬಿದ್ದ ಬಾಗಿಲಲ್ಲಿದೆ. ಕೃಷ್ಣೆ, ತುಂಗಭದ್ರೆ ಎರಡೂ ಹರಿಯುವ ಜಿಲ್ಲೆ ನಮ್ಮದು. ಕಾಲುವೆಯ ನೀರು ಮೇಲಿನವರ ಗದ್ದೆ ದಾಟಿ ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಬತ್ತುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು, ದೇವದುರ್ಗ ಅದರಲ್ಲಿದೆ. ಅಂದರೆ ದೇವದುರ್ಗದ ಕೂಲಿಕಾರ ಊರಲ್ಲಿದ್ದಾಗ ಒಂದು ಪಟ್ಟಿಯಲ್ಲಿದ್ದಾನೆ. ಬಸ್ಸು ಹತ್ತಿ ಬೆಂಗಳೂರಿನಲ್ಲಿ ಇಳಿದೊಡನೆ ಯಾವ ಪಟ್ಟಿಯಲ್ಲೂ ಇಲ್ಲ. ಅವನ ಬಡತನ ಅವನ ಜೊತೆಗೇ ಬಂತು, ಅದರ ದಾಖಲೆ ಊರಲ್ಲೇ ಉಳಿಯಿತು.

ಕಾನೂನಿನ ಆಟವೂ ಹೀಗೇ. ವಲಸೆ ಕಾರ್ಮಿಕರಿಗೆಂದು 1979ರಲ್ಲಿ ಬಂದ ಕೇಂದ್ರ ಕಾಯ್ದೆ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕರೆದೊಯ್ದವರಿಗೆ ಮಾತ್ರ ಅನ್ವಯಿಸುತ್ತಿತ್ತು. ಚಂದ್ರಬಂಡದವರಿಗೆ ತೆಲಂಗಾಣದ ಗಡಿ ಕೂಗಳತೆಯಲ್ಲಿದೆ. ಹೈದರಾಬಾದಿಗಿಂತ ಬೆಂಗಳೂರು ಎಷ್ಟೋ ದೂರ. ಮೇಸ್ತ್ರಿಯ ಜೊತೆ ಹತ್ತಿರದ ಹೈದರಾಬಾದಿಗೆ ಹೋದರೆ ಆ ಕಾಯ್ದೆಯ ಕಣ್ಣಿಗೆ ನೀನು ವಲಸೆ ಕಾರ್ಮಿಕನಾಗುತ್ತಿದ್ದೆ. ದೂರದ ಬೆಂಗಳೂರಿಗೆ ಹೋದರೆ ಆಗುತ್ತಿರಲಿಲ್ಲ. ರೇಷನ್ ಕಾರ್ಡಿನ ಮಟ್ಟಿಗೆ ಗೋಡೆ ಸ್ವಲ್ಪ ಒಡೆದಿದೆ. ಊರಿನ ಕಾರ್ಡು ಬೇರೆ ಕಡೆಯ ನ್ಯಾಯಬೆಲೆ ಅಂಗಡಿಯಲ್ಲೂ ನಡೆಯುವ ಏರ್ಪಾಡು ಬಂದಿದೆ. ಅಕ್ಕಿಯಂತೆ ಉಳಿದವೂ ಮನುಷ್ಯನ ಹಿಂದೆ ಬರಬೇಕು: ಅಂಗನವಾಡಿಯ ಊಟ, ಮಗುವಿನ ಚುಚ್ಚುಮದ್ದು, ಶಾಲೆಯ ದಾಖಲಾತಿ, ಕುಡಿಯುವ ನೀರು. ಇವಕ್ಕೆ ಕೇರಿ ಘೋಷಣೆಯಾಗುವವರೆಗೆ ಕಾಯುವ ಅಗತ್ಯವಿಲ್ಲ. ಜನ ಇದ್ದಾರೆ ಎಂದು ಗೊತ್ತಾದರೆ ಸಾಕು.

ಹಾಗೆ ನೋಡಿದರೆ ಕಂಡುಹಿಡಿದದ್ದು ನೀಲಿ ಗುಡಿಸಲುಗಳನ್ನಲ್ಲ. ಅವು ಎಲ್ಲರ ಕಣ್ಣೆದುರೇ ಇದ್ದವು. ಬಾಲ್ಕನಿಯಲ್ಲಿ ಕಾಫಿ ಕುಡಿಯುವವರಿಗೂ ಕಾಣುತ್ತಿದ್ದವು. ಕಂಡುಹಿಡಿದದ್ದು ಪಟ್ಟಿಯ ಕುರುಡನ್ನು. ನೆಲೆನಿಂತವರನ್ನು ಮಾತ್ರ ಎಣಿಸುವ ಲೆಕ್ಕಕ್ಕೆ, ನಡೆಯುತ್ತಿರುವವರು ಎಂದೂ ಸಿಗುವುದಿಲ್ಲ ಎಂಬುದನ್ನು. ಉಪಗ್ರಹ ಅದನ್ನು ನಗರದ ತುದಿಯಿಂದ ತೋರಿಸಿತು. ಹಳ್ಳಿಯ ತುದಿಯಿಂದ ತೋರಿಸಲು ಉಪಗ್ರಹ ಬೇಕಿಲ್ಲ. ಪ್ರತಿ ಗ್ರಾಮ ಪಂಚಾಯಿತಿ ಗುಳೆ ಹೋದವರ ಒಂದು ವಹಿ ಇಟ್ಟರೆ, ಯಾವ ಮನೆಯವರು ಯಾವ ತಿಂಗಳು ಯಾವ ಊರಿನ ಯಾವ ಜಾಗಕ್ಕೆ ಹೋದರೆಂದು ಬರೆದುಕೊಂಡರೆ, ಬೆಂಗಳೂರಿನ ಕಾಣದ ಕೇರಿಗಳ ಅರ್ಧ ನಕ್ಷೆ ರಾಯಚೂರು, ಯಾದಗಿರಿ, ಕಲಬುರಗಿಗಳಲ್ಲೇ ಸಿದ್ಧವಾಗುತ್ತದೆ. ಆದರೆ ಆ ವಹಿ ನೀರಿನ ಟ್ಯಾಂಕರಿಗೆ ದಾರಿ ತೋರಬೇಕೇ ಹೊರತು ಜೆಸಿಬಿಗಲ್ಲ.

2011ರಲ್ಲಿ ಜನರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಮುಂದಿನ ಜನಗಣತಿಗೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಅಂದರೆ ಎಣಿಸುವವರು ಬಾಗಿಲಿಗೆ ಬರುವುದು ಮತ್ತೆ ಫೆಬ್ರುವರಿಯಲ್ಲೇ. ಯುಗಾದಿ ಅದಾದ ಮೇಲೆ. ಆಗ ಚಂದ್ರಬಂಡದ ಕಡೆ ಬರುವ ಮೇಷ್ಟ್ರು, ಟೀಚರಮ್ಮಂದಿರಲ್ಲಿ ಒಂದು ವಿನಂತಿ: ಕೀಲಿ ಹಾಕಿದ ಮನೆ ಎಂದು ಬರೆದು ಮುಂದೆ ಹೋಗುವ ಮೊದಲು ಕಟ್ಟೆಯ ಮೇಲೆ ಕೂತ ಮುದುಕಿಯನ್ನು ಒಂದು ಮಾತು ಕೇಳಿ. ಅವಳಿಗೆ ವಿಳಾಸ ಗೊತ್ತಿದೆ.